ಮಕ್ಕಳು ಕೇಳಿದ್ದಕ್ಕೆ ಉತ್ತರ ತಂದುಕೊಡುವ ಕೆಲಸ

ನಾನು ವಿಜಯಪುರ ಜಿಲ್ಲೆಯ ಹಳ್ಳಿ, ಲಂಬಾಣಿ ತಾಂಡಾಗಳಲ್ಲಿ ಹದಿಹರೆಯದ ಮಕ್ಕಳ ಓದಿನ ಕೆಲಸ ಮಾಡುತ್ತೇನೆ. ಏಳನೇ ಕ್ಲಾಸಿನಿಂದ ಪಿಯುಸಿವರೆಗೆ ಓದುತ್ತಿರುವವರು, ಜೊತೆಗೆ ನಡುವೆ ಶಾಲೆ ಬಿಟ್ಟವರು. ಈ ವಯಸ್ಸಿನವರ ಬಗ್ಗೆ ನಮ್ಮ ಮೀಟಿಂಗುಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಅವರು ಬಾಯಿನೇ ಬಿಡೋದಿಲ್ಲ, ಬಹಳ ನಾಚಿಕೆ." ನಾನು ಇದನ್ನು ಒಪ್ಪುವುದಿಲ್ಲ. ಅದೇ ಮಕ್ಕಳು ಬಸ್ ಕಾಯುತ್ತಾ, ಹಿಟ್ಟಿನ ಗಿರಣಿ ಮುಂದೆ ನಿಂತು ಎಷ್ಟು ಮಾತಾಡುತ್ತಾರೆ ಅಂತ ಒಮ್ಮೆ ಕೇಳಿ ನೋಡಬೇಕು. ನಮ್ಮ ಮುಂದೆ ಸುಮ್ಮನಿರುವುದಕ್ಕೆ ಕಾರಣ ಬೇರೆ ಇದೆ.

ಒಂದು ತಾಂಡಾದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಆ ಕಾರಣವನ್ನು ನೇರವಾಗಿಯೇ ಹೇಳಿದಳು. "ಅಕ್ಕಾರ, ಹೋದ ವರ್ಷನೂ ಯಾರೋ ಬಂದು ನಾವು ಹೇಳಿದ್ದೆಲ್ಲಾ ಬರಕೊಂಡು ಹೋದ್ರು. ಅದು ಏನಾತ್ರಿ?"

ಅವಳ ಪ್ರಶ್ನೆಗೆ ಅಲ್ಲಿದ್ದ ದೊಡ್ಡವರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬಂದವರು ಯಾರು, ಬರೆದುಕೊಂಡ ಹಾಳೆ ಎಲ್ಲಿ ಹೋಯಿತು, ಯಾರಿಗೂ ಗೊತ್ತಿಲ್ಲ. ಒಮ್ಮೆ ಹೇಳಿ, ಎರಡು ಸಲ ಹೇಳಿ, ಏನೂ ಆಗದಿದ್ದರೆ ಮೂರನೇ ಸಲ ಯಾರು ತಾನೆ ಬಾಯಿ ಬಿಡುತ್ತಾರೆ? ದೊಡ್ಡವರಾದ ನಾವೂ ಬಿಡುವುದಿಲ್ಲ ಅಲ್ವಾ? ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಬಹಳ ಮುಖ್ಯವಾದದ್ದು ಇದೇ. ಮಕ್ಕಳಿಂದ ಮಾತಾಡಿಸುವುದು ಕಷ್ಟದ ಕೆಲಸ ಅಲ್ಲ. ಅವರು ಕೇಳಿದ್ದನ್ನು ಹೊತ್ತುಕೊಂಡು ಹೋಗಿ, ಯಾರು ಉತ್ತರ ಕೊಡಬೇಕೋ ಅವರಿಂದ ಉತ್ತರ ತಂದು, ಅದೇ ಕಟ್ಟೆಯ ಮೇಲೆ ಕೂತು ಹೇಳುವುದು ಕಷ್ಟದ ಕೆಲಸ. ನಮ್ಮ ಸಮಯದ ಜಾಸ್ತಿ ಪಾಲು ಅದಕ್ಕೇ ಹೋಗಬೇಕು.

ಮಕ್ಕಳ ಮಾತು ಕೇಳುವುದು ಯಾರೋ ಮಾಡುವ ಉಪಕಾರವೇನಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಅದನ್ನೇ ಹೇಳುತ್ತದೆ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಮಕ್ಕಳ ಹಕ್ಕು, ಅದಕ್ಕೆ ತಕ್ಕ ಬೆಲೆ ಕೊಡುವುದು ದೊಡ್ಡವರ ಹೊಣೆ. ಭಾರತ 1992ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಅದೇ ವರ್ಷ ಯುನಿಸೆಫ್‌ಗಾಗಿ ರೋಜರ್ ಹಾರ್ಟ್ ಅವರು ಎಂಟು ಮೆಟ್ಟಿಲಿನ ಒಂದು ಏಣಿಯನ್ನು ಮುಂದಿಟ್ಟರು. ಅದರ ಕೆಳಗಿನ ಮೂರು ಮೆಟ್ಟಿಲನ್ನು ಅವರು ಭಾಗವಹಿಸುವಿಕೆ ಅಂತ ಲೆಕ್ಕಕ್ಕೇ ಹಿಡಿದಿಲ್ಲ. ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿಸುವುದು, ಅಲಂಕಾರಕ್ಕೆ ವೇದಿಕೆ ಹತ್ತಿಸುವುದು, ಹೆಸರಿಗೆ ಒಬ್ಬಿಬ್ಬರನ್ನು ಕೂರಿಸುವುದು. ನಮ್ಮ ಭಾಗದ ಎಷ್ಟೋ ಕಾರ್ಯಕ್ರಮಗಳು ಈ ಮೂರರಲ್ಲೇ ಮುಗಿಯುತ್ತವೆ. ಸ್ವಾಗತ ಗೀತೆ ಹಾಡುವ ಹುಡುಗಿಯರು ಎರಡು ತಾಸು ಬಿಸಿಲಲ್ಲಿ ಕೂರುತ್ತಾರೆ, ಅತಿಥಿಗಳ ಭಾಷಣ ಆಗುತ್ತದೆ, ಮೊದಲೇ ಬರೆದುಕೊಟ್ಟ ಪ್ರಶ್ನೆಯನ್ನು ಮೂರು ಮಕ್ಕಳು ಓದುತ್ತಾರೆ, ಫೋಟೋ ಆಗುತ್ತದೆ.

ಕರ್ನಾಟಕದಲ್ಲಿ ಇದಕ್ಕೊಂದು ಒಳ್ಳೆಯ ವೇದಿಕೆ ಇದೆ. ಮಕ್ಕಳ ಗ್ರಾಮಸಭೆ. ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಇದನ್ನು ಮಾಡಬೇಕು. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಶುರುವಾಗುತ್ತದೆ. ನಾನು ನೋಡಿದ ಸಭೆಗಳಲ್ಲಿ ಒಂದು ಮಾತ್ರ ಬೇರೆ ಥರ ಇತ್ತು. ಅಲ್ಲಿನ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೈಕ್ ಹಿಡಿದ ಕೂಡಲೇ ಹೋದ ವರ್ಷದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು. ಶೌಚಾಲಯಕ್ಕೆ ನೀರು: ಪೈಪ್ ಹಾಕಿದ್ದೇವೆ. ಆಟದ ಮೈದಾನ: ಜಾಗದ ತಕರಾರು ಇದೆ, ಆಗಿಲ್ಲ. ಹೈಸ್ಕೂಲ್ ದಾರಿಗೆ ಬೀದಿದೀಪ: ಹಾಕಿದ್ದೆವು, ಎರಡು ಕೆಟ್ಟಿವೆ, ಈ ವಾರ ಸರಿ ಮಾಡುತ್ತೇವೆ. ಆಮೇಲಷ್ಟೇ ಹೊಸ ಪ್ರಶ್ನೆ ಕೇಳಿದರು. ಆ ಸಭೆಯಲ್ಲಿ ಮಕ್ಕಳನ್ನು "ಕೇಳ್ರೋ, ಕೇಳ್ರೋ" ಅಂತ ಯಾರೂ ಎಬ್ಬಿಸಬೇಕಾಗಲಿಲ್ಲ. ಕೈ ಎತ್ತಿದವರನ್ನು ಸಾಲಾಗಿ ನಿಲ್ಲಿಸಬೇಕಾಯಿತು. ಸರ್ಕಾರಿ ಸಭೆಗಳಲ್ಲಿ ಹಿಂದಿನ ಸಭೆಯ ಮಾತು ಏನಾಯಿತು ಅಂತ ಹೇಳುವ ಅನುಪಾಲನಾ ವರದಿ ಇರುತ್ತದಲ್ಲ, ಅದನ್ನೇ ಅವರು ಮಕ್ಕಳಿಗೂ ಓದಿದರು, ಅಷ್ಟೇ. ಅವರು "ಆಗಿಲ್ಲ" ಅಂದದ್ದಕ್ಕೂ ಮಕ್ಕಳು ಸಿಟ್ಟಾಗಲಿಲ್ಲ. ಕಾರಣ ಹೇಳಿದ್ದರಲ್ಲ.

ನಾವು ಈಗ ಪ್ರತಿ ಗುಂಪಿನಲ್ಲೂ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸುತ್ತೇವೆ. ಏನು ಕೇಳಿದೆವು, ಯಾರನ್ನು ಕೇಳಿದೆವು, ಯಾವ ತಾರೀಖಿಗೆ ಉತ್ತರ, ಏನು ಉತ್ತರ. ಹಾಳೆ ತುಂಬುವುದು ಮಕ್ಕಳ ಕೆಲಸ. ಸಣ್ಣ ವಿಷಯ ಅನ್ನಿಸಬಹುದು. ಆದರೆ ತಾರೀಖು ಬರೆದ ಮೇಲೆ ನಾವು ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅಧಿಕಾರಿಗಳಿಗೂ ಆಗುವುದಿಲ್ಲ.

ಇನ್ನು ಮಕ್ಕಳು ಏನನ್ನು ಕೇಳುತ್ತಾರೆ ಅನ್ನುವುದು. ನಮ್ಮ ಜಿಲ್ಲೆಯ ತಾಂಡಾಗಳಿಂದ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಬಾಗಲಕೋಟೆ, ಬೆಳಗಾವಿ ಕಡೆಯ ಕಾರ್ಖಾನೆಗಳಿಗೆ, ಸಾಂಗ್ಲಿ, ಕೊಲ್ಹಾಪುರದ ಕಡೆಗೆ. ವಾಪಸು ಬರುವುದು ಯುಗಾದಿಯ ಆಸುಪಾಸು. ಶಾಲೆಯ ವರ್ಷ ಜೂನ್‌ಗೆ ಶುರುವಾಗಿ ಮಾರ್ಚ್‌ಗೆ ಪರೀಕ್ಷೆ. ಅಂದರೆ ಅರ್ಧ ವರ್ಷ ಶಾಲೆಯಲ್ಲಿ, ಅರ್ಧ ವರ್ಷ ಕಬ್ಬಿನ ಹೊಲದಲ್ಲಿ.

ಇದು ನಮಗೆಲ್ಲ ಗೊತ್ತಿರುವ ವಿಷಯವೇ. ಆದರೂ ಮಕ್ಕಳ ಕೈಯಿಂದ ಒಂದು ಸಲ ಲೆಕ್ಕ ಹಾಕಿಸಿದೆವು. ಸಂಜೆ, ಸೇವಾಲಾಲ್ ಗುಡಿ ಮುಂದಿನ ಕಟ್ಟೆ. ಜನವರಿ, ಫೆಬ್ರವರಿ ಅಂತ ಬರೆಯಲಿಲ್ಲ. ಸೀಮೆಸುಣ್ಣದಲ್ಲಿ ಕಾರಹುಣ್ಣಿಮೆ, ನಾಗರ ಪಂಚಮಿ, ದಸರಾ, ದೀಪಾವಳಿ, ಸಂಕ್ರಾಂತಿ, ಹೋಳಿ, ಯುಗಾದಿ ಅಂತ ಮನೆ ಕೊರೆದರು. ಆಯಾ ಹಬ್ಬಕ್ಕೆ ತಮ್ಮ ಜೊತೆಯವರು ಎಷ್ಟು ಜನ ಊರಲ್ಲಿರುತ್ತಾರೋ ಅಷ್ಟು ಹುಣಸೆ ಬೀಜ ಇಡುತ್ತಾ ಹೋದರು. ನಾಗರ ಪಂಚಮಿಯ ಮನೆಯಲ್ಲಿ ಬೀಜ ಹಿಡಿಸಲಿಲ್ಲ. ಸಂಕ್ರಾಂತಿಯ ಮನೆಯಲ್ಲಿ ಎಣಿಸಿದರೆ ಒಂದು ಕೈ ಸಾಕು. ಹತ್ತನೇ ಕ್ಲಾಸಿನ ಒಬ್ಬ ಹುಡುಗ ದಸರಾ ಮನೆಯಿಂದ ಒಂದು ಬೀಜ ತೆಗೆದು ಗೆರೆಯ ಮೇಲಿಟ್ಟ. "ಇದು ನಾನ್ರೀ. ಬರೂದಿಲ್ಲ ಅಂತ ಮನ್ಯಾಗ ಹೇಳೀನಿ. ಆದ್ರ ಅಪ್ಪ ಅಡ್ವಾನ್ಸ್ ತಗೊಂಡಾನ." ಆಗ ಹುಡುಗಿಯರ ಕಡೆಯಿಂದ ಇನ್ನೊಂದು ಮಾತು ಬಂತು. ತಾವು ಕಬ್ಬು ಕಡಿಯಲು ಹೋಗುವುದಲ್ಲ, ಅವ್ವ ಹೊಲಕ್ಕೆ ಹೋದಾಗ ಜೋಪಡಿಯಲ್ಲಿ ತಮ್ಮಂದಿರನ್ನು, ತಂಗಿಯರನ್ನು ನೋಡಿಕೊಳ್ಳಲು, ರೊಟ್ಟಿ ಬಡಿಯಲು ಹೋಗುವುದು ಅಂತ. ಸಣ್ಣವರನ್ನು ಅಜ್ಜಿ ಹತ್ತಿರ ಬಿಟ್ಟರೆ ತಾವೂ ಇಲ್ಲೇ ಉಳಿಯಬಹುದು ಅಂತ ಅವರೇ ಹೇಳಿದರು.

ಈ ಎರಡು ಮಾತಿನಲ್ಲಿ ನಮಗೆ ಬೇಕಾದ್ದೆಲ್ಲ ಇತ್ತು. ಯಾರನ್ನು ಉಳಿಸಿಕೊಳ್ಳಬಹುದು, ಯಾರಿಗೆ ಏನು ವ್ಯವಸ್ಥೆ ಬೇಕು ಅಂತ ಮಕ್ಕಳೇ ಪಟ್ಟಿ ಮಾಡಿದರು. ವಲಸೆ ಹೋಗುವ ಮನೆಗಳ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶ ಇದೆ. ಆದರೆ ಅವರಲ್ಲಿ ಹೆಚ್ಚಿನವರು ಕೇಳಿದ್ದು ಹಾಸ್ಟೆಲ್ ಅಲ್ಲ. ಅಜ್ಜಿ ಮನೆಯಲ್ಲಿ ಉಳಿದವರಿಗೆ ರಾತ್ರಿ ಓದಲು ಬೆಳಕಿರುವ ಜಾಗ, ಜೊತೆಗೆ ಕೂರಲು ಒಬ್ಬರು ದೊಡ್ಡವರು. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಸಂಜೆ ತೆರೆದಿಡಿ ಅಂತ ಅವರೇ ಅರ್ಜಿ ಬರೆದರು. ನಾವು ಬರೆದಿದ್ದರೆ "ಕಿಶೋರ ಕಿಶೋರಿಯರ ಶೈಕ್ಷಣಿಕ ಸಬಲೀಕರಣ" ಅಂತ ಏನೋ ಬರೆಯುತ್ತಿದ್ದೆವು. ಅವರ ಅರ್ಜಿಯಲ್ಲಿ ಇದ್ದದ್ದು ಎಷ್ಟು ಗಂಟೆಗೆ ತೆರೆಯಬೇಕು, ಬೀಗದ ಕೈ ಯಾರ ಹತ್ತಿರ ಇರಬೇಕು, ಹುಡುಗಿಯರನ್ನು ಮನೆಗೆ ಯಾರು ಬಿಡಬೇಕು ಎನ್ನುವುದು.

ಹತ್ತನೇ ಕ್ಲಾಸಿನವರ ವಿಷಯದಲ್ಲಿ ಇನ್ನಷ್ಟು ಹುಷಾರಾಗಿರಬೇಕು. ಎಸ್ಸೆಸ್ಸೆಲ್ಸಿಗೆ ಶಾಲೆಯಿಂದ ಕೂರಬೇಕಾದರೆ ಶೇ 75 ಹಾಜರಾತಿ ಬೇಕು. ದೀಪಾವಳಿಗೆ ಹೊರಟವರಿಗೆ ಅದು ಸಿಗುವುದಿಲ್ಲ. ಈ ಲೆಕ್ಕ ಅಪ್ಪ ಅವ್ವನಿಗೆ ಜೂನ್ ತಿಂಗಳಲ್ಲೇ ಗೊತ್ತಾಗಬೇಕು. ಹದಿನಾಲ್ಕು ದಾಟಿದವರಿಗೆ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆಯೂ ಇಲ್ಲ. 2009ರ ಆ ಕಾಯ್ದೆ 6ರಿಂದ 14 ವರ್ಷದವರಿಗೆ. ಸಣ್ಣವರಾದರೆ ಟಿಸಿ ತಡವಾಯಿತು ಅಂತ ಬೇರೆ ಊರಿನ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಹದಿನೈದು, ಹದಿನಾರರವರಿಗೆ ಆ ಆಸರೆ ಇಲ್ಲ. ಶಾಲೆ ಬಿಡುವ ಭಯ ಜಾಸ್ತಿ ಇರುವ ವಯಸ್ಸೂ ಅದೇ. ನನಗೆ ಇದು ಬಹಳ ನೋವಿನ ಸಂಗತಿ.

ಬಸ್ಸಿನ ವಿಷಯವನ್ನೂ ಹೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಚಿಂತೆ ಇಲ್ಲ. ಆದರೆ ಪಿಯು ಕಾಲೇಜು ಬಿಟ್ಟ ಮೇಲೆ ಊರಿಗೆ ಹೋಗುವ ಬಸ್ಸಿಗೆ ಕತ್ತಲಾಗುವವರೆಗೆ ಕಾಯಬೇಕು. ಕತ್ತಲಾದರೆ ಮನೆಯಲ್ಲಿ ಬೈಗುಳ, ಎರಡು ಸಲ ಬೈಗುಳ ಆದರೆ ಕಾಲೇಜೇ ಬಂದ್. ಒಂದು ಗುಂಪಿನ ಹುಡುಗಿಯರು ಒಂದು ವಾರ ಬಸ್ ಬಂದ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದರು. ಆ ಪುಟ ಹಿಡಿದು ಡಿಪೋಗೆ ಹೋದೆವು. ಮಾತಾಡಿದ್ದು ಅವರು, ನಾನು ಪಕ್ಕದಲ್ಲಿ ಕೂತಿದ್ದೆ. ನಮ್ಮ ಜಿಲ್ಲೆಯ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು, ಹೊತ್ತು ಬದಲಿಸಲು ಮೇಲಿನವರ ಒಪ್ಪಿಗೆ ಬೇಕು ಅಂತ ಅಧಿಕಾರಿ ಹೇಳಿದರು. ಒಪ್ಪಿಗೆ ಬಂತು, ಬಸ್ ಬೇಗ ಬರತೊಡಗಿತು. ಇನ್ನೊಂದು ಊರಿನ ಗುಂಪಿಗೆ ಆಗಲಿಲ್ಲ. ಒಂದೇ ಬಸ್ಸು, ರೂಟು ಉದ್ದ. ಆ ಉತ್ತರವನ್ನೂ ಅವರ ಹಾಳೆಯಲ್ಲಿ ಬರೆದೆವು. ಅವರು ಒಟ್ಟಿಗೆ ಟಂಟಂ ಆಟೊ ಮಾಡಿಕೊಂಡು ಹೋಗುವ ದಾರಿ ಹುಡುಕಿಕೊಂಡರು.

ಯಾರ ಮಾತು ಕೇಳುತ್ತಿದ್ದೇವೆ ಅನ್ನುವುದನ್ನೂ ನೋಡುತ್ತಿರಬೇಕು. "ನಾಲ್ಕು ಮಕ್ಕಳನ್ನು ಕಳಿಸಿ" ಅಂದರೆ ಶಾಲೆಯಿಂದ ಬರುವುದು ಯಾವಾಗಲೂ ಅದೇ ನಾಲ್ವರು. ಭಾಷಣ ಸ್ಪರ್ಧೆಯಲ್ಲಿ ಗೆಲ್ಲುವವರು. ಅವರ ಮೇಲೆ ನನಗೆ ಪ್ರೀತಿ ಇದೆ. ಆದರೆ ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ, ಫೆಬ್ರವರಿ, ಮಾರ್ಚ್‌ನಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿರುವ ಹುಡುಗನಿಗೆ ಏನು ಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ. ಅವನನ್ನು ಕಾಣಬೇಕಾದರೆ ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಆಗದು. ಅವನ ಕೆಲಸ ಮುಗಿಯುವ ಹೊತ್ತಿಗೆ ನಾವು ಹೋಗಬೇಕು. ತಾಂಡಾದಲ್ಲಿ ಮಕ್ಕಳು ತಮ್ಮೊಳಗೆ ಲಂಬಾಣಿಯಲ್ಲಿ ಮಾತಾಡಲು ಬಿಡಬೇಕು. ಆಮೇಲೆ ಯಾರಾದರೂ ಕನ್ನಡದಲ್ಲಿ ನಮಗೆ ಹೇಳುತ್ತಾರೆ.

ಕೆಲವು ವಿಷಯ ಮಕ್ಕಳ ಮೇಲೆ ಬಿಡಬಾರದು. ಗೆಳತಿಯ ಮದುವೆ ಗೊತ್ತಾಗಿದೆ ಅಂತ ಒಬ್ಬಳು ಹೇಳಿದರೆ, "ನೀವೇ ಹೋಗಿ ತಡೀರಿ" ಅನ್ನುವುದು ದೊಡ್ಡ ತಪ್ಪು. ನಾಳೆ ಅವಳೂ ಅದೇ ಊರಲ್ಲಿ ಬಾಳಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದು, ಬಾಲ್ಯವಿವಾಹ ನಿಷೇಧ ಅಧಿಕಾರಿಗೆ ತಿಳಿಸುವುದು ನಮ್ಮ ಕೆಲಸ. ಹೇಳಿದವಳ ಹೆಸರು ಎಲ್ಲೂ ಬರಬಾರದು. ಗೋಡೆಯ ಹಾಳೆಯಲ್ಲಂತೂ ಅಲ್ಲವೇ ಅಲ್ಲ. ಮೊದಲ ಸಭೆಯಲ್ಲೇ ಇದನ್ನು ಮಕ್ಕಳಿಗೆ ಹೇಳಿಬಿಡುತ್ತೇವೆ: ಯಾವುದು ಎಲ್ಲರ ಮುಂದೆ ಹೇಳುವ ಮಾತು, ಯಾವುದು ನಮ್ಮ ಕಿವಿಯಲ್ಲಿ ಹೇಳುವ ಮಾತು.

ಈ ಕೆಲಸದ ಬೆನ್ನೆಲುಬು ಆಯಾ ತಾಂಡಾದ ಯುವಕ ಯುವತಿಯರು. ಪಿಯುಸಿ ಮುಗಿಸಿದವರು, ಡಿಗ್ರಿ ಓದುತ್ತಿರುವವರು. 2023-24ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ. ಮೊದಲನೆಯದರಲ್ಲಿ ಫೇಲಾದವರು ಮುಂದಿನದಕ್ಕೆ ಕೂರಬಹುದು. ಆದರೆ ಎಷ್ಟೋ ಮನೆಗಳಲ್ಲಿ ಫೇಲು ಅಂದರೆ ಓದು ಮುಗಿಯಿತು ಅಂತಲೇ ಲೆಕ್ಕ. ರಿಸಲ್ಟ್ ಬಂದ ಸಂಜೆಯೇ ಫೇಲಾದವರ ಮನೆಗೆ ಹೋಗಿ, ಅರ್ಜಿ ಹಾಕುವ ಕೊನೆಯ ದಿನ ಹೇಳಿ ಬಂದವರು ಈ ಯುವಕರೇ. ಇದು ನಮ್ಮ ಯೋಜನೆಯಲ್ಲಿ ಇರಲಿಲ್ಲ, ಅವರು ತೆಗೆದ ಯೋಚನೆ. ಇಂಥವರನ್ನು "ಸ್ವಯಂಸೇವಕರು" ಅಂತ ಕರೆದು ಪೆಟ್ರೋಲ್ ಖರ್ಚನ್ನೂ ಕೊಡದೆ ದುಡಿಸುವುದು ಅನ್ಯಾಯ. ಅವರೂ ದುಡಿಯುವ ಮನೆಯ ಮಕ್ಕಳು. ಬಜೆಟ್ ಬರೆಯುವಾಗ ಬ್ಯಾನರಿಗೆ, ಊಟಕ್ಕೆ ಇಡುವ ಹಾಗೆ ಇವರ ಗೌರವಧನಕ್ಕೂ ಒಂದು ಸಾಲು ಇಡಬೇಕು ಅಂತ ನಾನು ಪ್ರತಿ ಸಲ ಹಟ ಹಿಡಿಯುತ್ತೇನೆ.

ಈ ವರ್ಷ ಒಂದು ತಾಂಡಾದ ಯುವಕರು ಹೊಸ ಬೇಡಿಕೆ ಇಟ್ಟಿದ್ದಾರೆ. ಕಬ್ಬಿನ ಗ್ಯಾಂಗಿಗೆ ಜನ ಸೇರಿಸುವ ಮುಕಾದಮರು ಅಡ್ವಾನ್ಸ್ ಹಂಚುವುದು ಮಳೆಗಾಲದಲ್ಲಿ. ಮಕ್ಕಳ ಗ್ರಾಮಸಭೆ ನಡೆಯುವುದು ನವೆಂಬರ್ ಬಂದ ಮೇಲೆ. ಅಷ್ಟರಲ್ಲಿ ಕೇಳಬೇಕಾದ ಮಕ್ಕಳು ಊರಲ್ಲೇ ಇರುವುದಿಲ್ಲ. ಆದ್ದರಿಂದ ನಮ್ಮ ಪಂಚಾಯಿತಿಯ ಸಭೆ ಆಗಸ್ಟ್‌ನಲ್ಲೇ ಆಗಲಿ, ಮುಕಾದಮರನ್ನೂ ಕರೆಯಿರಿ ಅಂತ ಅವರು ಬರೆದಿದ್ದಾರೆ. ಅರ್ಜಿ ಪಿಡಿಒ ಅವರ ಟೇಬಲ್ ಮೇಲಿದೆ. ಅಧ್ಯಕ್ಷರ ಜೊತೆ ಮಾತಾಡಿ ಹದಿನೈದು ದಿನದಲ್ಲಿ ಹೇಳುತ್ತೇನೆ ಅಂದಿದ್ದಾರೆ. ಉತ್ತರ ಕೇಳಲು ಈ ಸಲ ಯುವಕರೇ ಹೋಗುತ್ತಾರೆ, ಜೊತೆಗೆ ಹೈಸ್ಕೂಲಿನ ಇಬ್ಬರು ಹುಡುಗಿಯರು.