ಪಕ್ಕದ ಪ್ರಿಂಟರಿಗೆ ಸಿಗದ ದಾರಿ

ಬಾಗಲಕೋಟೆಯ ನವನಗರದಲ್ಲಿ ನನಗೆ ಬೇಕಾದ ಕಾಕಾ ಒಬ್ಬರ ಝೆರಾಕ್ಸ್ ಅಂಗಡಿ ಇದೆ. ಹೊಲದ ಉತಾರ (ಪಹಣಿ) ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಬೆಳೆ ವಿಮೆ ತುಂಬುವುದು, ಎಲ್ಲ ಅಲ್ಲೇ. ಹೋದ ಮಳೆಗಾಲದಲ್ಲಿ ಒಂದು ದಿನ ಅವರ ಫೋನ್ ಬಂತು. “ಇಂಟರ್ನೆಟ್ ಬರೂ ಕಂಪ್ಯೂಟರಿನ್ಯಾಗ ಪ್ರಿಂಟ್ ಬರವಲ್ದು. ಪ್ರಿಂಟ್ ಬರೂದ್ರಾಗ ಇಂಟರ್ನೆಟ್ ಇಲ್ಲ. ಏನ್ ಆಗೇತಿ, ಬಂದ್ ನೋಡಪಾ.”

ತೊಂದರೆಯನ್ನು ಇಷ್ಟು ಚೊಕ್ಕವಾಗಿ ಹೇಳುವವರು ಕಡಿಮೆ.

ಹೋದಾಗ ಅಂಗಡಿ ತುಂಬ ಜನ. ಬೀಳಗಿ, ಕಲಾದಗಿ ಕಡೆಯಿಂದ ಬಸ್ಸಿಗೆ ಬಂದವರು. ಕೆಲಸದ ಹುಡುಗಿ ಹೊಸ ಕಂಪ್ಯೂಟರಿನಲ್ಲಿ ಉತಾರ ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಎದ್ದು ಹೋಗಿ ಹಳೆಯದಕ್ಕೆ ಚುಚ್ಚಿ ಪ್ರಿಂಟ್ ಕೊಡುತ್ತಿದ್ದಳು. ಒಂದೊಂದು ಹಾಳೆಗೂ ಇದೇ ಓಡಾಟ. ಡಿಪ್ಲೊಮಾ ಓದುತ್ತಿರುವ ಹುಡುಗಿ, ಕಾಲೇಜು ಮುಗಿಸಿ ಇಲ್ಲಿಗೆ ಬರುತ್ತಾಳೆ.

ಕೇಳಿದಾಗ ಗೊತ್ತಾಯಿತು, ಇಂಟರ್ನೆಟ್ ಕಂಪನಿ ಬದಲಾಗಿದೆ. ಹೊಸಬರು ಹಳೆಯ ರೂಟರ್ ತೆಗೆದು ತಮ್ಮದನ್ನು ಕೂರಿಸಿ ಹೋಗಿದ್ದಾರೆ. ವೈರು ಅವೇ, ಅವನ್ನೆಲ್ಲ ಕೂಡಿಸುವ ನೆಟ್‌ವರ್ಕ್ ಸ್ವಿಚ್ ಅದೇ, ದೀಪಗಳೆಲ್ಲ ಮಿಣುಗುತ್ತಿವೆ. ಆಜ್ಞೆ ಬರೆಯುವ ಕಪ್ಪು ಪರದೆ ತೆಗೆದು, ಕಂಪ್ಯೂಟರಿನ ಐಪಿ ವಿಳಾಸ ತೋರಿಸುವ ಐಪಿಕಾನ್ಫಿಗ್ ಕೊಟ್ಟೆ. ಹೊಸ ಕಂಪ್ಯೂಟರಿನ ವಿಳಾಸ 192.168.0.12. ಹಳೆಯದರದ್ದು 192.168.1.20. ಪ್ರಿಂಟರಿನ ಮೇಲೆ ಚೀಟಿ ಅಂಟಿಸಿತ್ತು: 192.168.1.50.

ಮೂರನೆಯ ಅಂಕಿ ನೋಡಿ. ಒಂದರಲ್ಲಿ ಸೊನ್ನೆ, ಉಳಿದ ಎರಡರಲ್ಲಿ ಒಂದು. ತೊಂದರೆ ಇಷ್ಟೇ.

ಐಪಿ ವಿಳಾಸ ಅಂದರೆ 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಸುಲಭವಾಗಲಿ ಅಂತ ಎಂಟೆಂಟು ಬಿಟ್‌ಗಳ ನಾಲ್ಕು ತುಂಡು ಮಾಡಿ, ನಡುವೆ ಚುಕ್ಕೆ ಇಟ್ಟು ಬರೆಯುತ್ತೇವೆ. ಅದಕ್ಕೇ ಯಾವ ತುಂಡೂ 255 ದಾಟುವುದಿಲ್ಲ. ಕಾಕಾಗೆ ಇದನ್ನು ಹೇಳಲು ನವನಗರವೇ ಸಾಕಾಯಿತು. ಅವರ ಮನೆ ಮೊದಲು ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಆ ಭಾಗ ಹೋದಾಗ ಇಲ್ಲಿ ಜಾಗ ಸಿಕ್ಕವರು. ಇಲ್ಲಿ ಮೊದಲು ಸೆಕ್ಟರ್ ನಂಬರ್, ಆಮೇಲೆ ಮನೆ ನಂಬರ್. ಐಪಿ ವಿಳಾಸದಲ್ಲೂ ಮುಂದಿನ ಭಾಗ ಸೆಕ್ಟರ್, ಹಿಂದಿನದು ಮನೆ. ಎಲ್ಲಿಯವರೆಗೆ ಸೆಕ್ಟರ್ ಅನ್ನುವುದನ್ನು ಸಬ್‌ನೆಟ್ ಮಾಸ್ಕ್ ಹೇಳುತ್ತದೆ. ಇಲ್ಲಿ ಅದು 255.255.255.0. ಮೊದಲ ಮೂರು ತುಂಡು ಸೆಕ್ಟರ್, ಕೊನೆಯದು ಮನೆ. ಅಂಥ ಒಂದು ನೆಟ್‌ವರ್ಕಿನಲ್ಲಿ 254 ಯಂತ್ರಗಳಿಗೆ ಜಾಗ.

“ಅಂದ್ರ ಪ್ರಿಂಟರ್ ಬ್ಯಾರೆ ಸೆಕ್ಟರಿನ್ಯಾಗ ಕುಂತೈತಿ?” ಅಂದರು ಕಾಕಾ. ಹೌದು. ಮೇಜು ಒಂದೇ ಆದರೂ.

ನನಗೆ ತುಂಬ ಇಷ್ಟವಾದ ವಿಷಯ ಇಲ್ಲಿಂದ ಶುರು. ಕಂಪ್ಯೂಟರಿಗೆ ಮೇಜು ಕಾಣುವುದಿಲ್ಲ. ಏನಾದರೂ ಕಳಿಸುವ ಮೊದಲು ಅದು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ವಿಳಾಸ ನನ್ನ ನೆಟ್‌ವರ್ಕಿನದ್ದಾ, ಅಲ್ವಾ? ನನ್ನದೇ ಆದರೆ ವೈರಿನ ಮೇಲೆ ಎಲ್ಲರಿಗೂ ಕೇಳುವಂತೆ “192.168.1.50 ಯಾರದು?” ಅಂತ ಕೂಗುತ್ತದೆ. ಈ ಕೂಗಿನ ಹೆಸರು ಎಆರ್‌ಪಿ. ಪ್ರಿಂಟರ್ ತನ್ನ 48 ಬಿಟ್‌ಗಳ ಮ್ಯಾಕ್ ವಿಳಾಸ, ಅಂದರೆ ಯಂತ್ರಕ್ಕೇ ಕೊಟ್ಟಿರುವ ಗುರುತಿನ ಸಂಖ್ಯೆ, ಕೊಟ್ಟು ಉತ್ತರಿಸುತ್ತದೆ, ಕೆಲಸ ಮುಗಿಯಿತು. ಹೊರಗಿನದ್ದಾದರೆ ಕೂಗುವುದೇ ಇಲ್ಲ. ಸೀದಾ ಗೇಟ್‌ವೇಗೆ, ಅಂದರೆ ರೂಟರಿಗೆ ಕೊಟ್ಟುಬಿಡುತ್ತದೆ. ಹೊಸ ಕಂಪ್ಯೂಟರ್ ಪ್ರಿಂಟರನ್ನು ಒಮ್ಮೆಯೂ ಕೂಗಿರಲಿಲ್ಲ.

ಹಾಗಾದರೆ ಅದು ಕಳಿಸಿದ್ದು ಎಲ್ಲಿಗೆ ಹೋಯಿತು? ಹುಡುಗಿ ಕೇಳಿದ ಪ್ರಶ್ನೆ ಇದು. ಸುಮ್ನೆ ಬಾಯಲ್ಲಿ ಹೇಳುವ ಬದಲು ತೋರಿಸೋಣ ಅನಿಸಿತು. ಹೋಗುವ ದಾರಿಯಲ್ಲಿ ಸಿಗುವ ರೂಟರುಗಳನ್ನು ತೋರಿಸುವ ಆಜ್ಞೆ, ಟ್ರೇಸರ್ಟ್ 192.168.1.50 ಅಂತ ಕೊಟ್ಟೆ. ಮೊದಲ ಸಾಲಿನಲ್ಲಿ ಹೊಸ ರೂಟರ್, 192.168.0.1. ಎರಡನೆಯದರಲ್ಲಿ 10ರಿಂದ ಶುರುವಾಗುವ ವಿಳಾಸ, ಇಂಟರ್ನೆಟ್ ಕಂಪನಿಯದು. ಆಮೇಲೆ ಬರೀ ನಕ್ಷತ್ರಗಳು, ಅಂದರೆ ಉತ್ತರವಿಲ್ಲ. ಕೈ ಚಾಚಿದರೆ ಸಿಗುವ ಪ್ರಿಂಟರಿಗೆ ಹೊರಟ ಪ್ಯಾಕೆಟ್ (ಕಳಿಸುವ ಮಾಹಿತಿಯ ಒಂದು ತುಂಡು) ಅಂಗಡಿ ದಾಟಿ ಕಂಪನಿಯ ರೂಟರಿನವರೆಗೆ ಹೋಗಿ ಕಳೆದುಹೋಗುತ್ತಿತ್ತು. ಹುಡುಗಿ ಪರದೆಯನ್ನೇ ನೋಡುತ್ತಿದ್ದಳು. “ಅಣ್ಣಾ, ದಾರಿ ಗೊತ್ತಿಲ್ಲ ಅಂದ್ರ ರೂಟರ್ ಯಾಕ ಮುಂದ ಕಳಸ್ತೈತಿ?”

ಒಳ್ಳೆಯ ಪ್ರಶ್ನೆ. ಇಂಟರ್ನೆಟ್ಟಿನಲ್ಲಿ ಪೂರ್ತಿ ದಾರಿಯನ್ನು ಯಾವ ರೂಟರೂ ಇಟ್ಟುಕೊಂಡು ಕೂತಿಲ್ಲ. ಪ್ರತಿಯೊಂದರ ಬಳಿ ಒಂದು ಪಟ್ಟಿ ಇರುತ್ತದೆ: ಇಂಥ ನೆಟ್‌ವರ್ಕಿಗಾದರೆ ಈ ಪಕ್ಕದವನಿಗೆ ಕೊಡು. ಎರಡು ಸಾಲು ಹೊಂದಿದರೆ ಜಾಸ್ತಿ ಬಿಟ್‌ಗಳು ಹೊಂದುವ ಸಾಲು ಗೆಲ್ಲುತ್ತದೆ. ಯಾವುದೂ ಹೊಂದದಿದ್ದರೆ 0.0.0.0 ಅನ್ನುವ ಕೊನೆಯ ಸಾಲು: ಮೇಲಿನವನಿಗೆ ಕೊಡು. ಮನೆ, ಅಂಗಡಿಯ ರೂಟರಿನ ಪಟ್ಟಿ ಬಹುಪಾಲು ಇಷ್ಟೇ. ಹೀಗೆ ಕೊಡುತ್ತಾ ಪ್ಯಾಕೆಟ್ ಸುತ್ತುತ್ತಲೇ ಇರಬಾರದು ಅಂತ ಅದರ ತಲೆಯ ಮೇಲೆ ಟಿಟಿಎಲ್ ಅನ್ನುವ ಸಂಖ್ಯೆ ಬರೆದಿರುತ್ತದೆ. ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆಯಾದರೆ ಎಸೆದು, ಕಳಿಸಿದವನಿಗೆ ತಿಳಿಸುತ್ತದೆ. ಟ್ರೇಸರ್ಟ್ ಈ ತಿಳಿಸುವಿಕೆಯನ್ನೇ ಬಳಸಿಕೊಳ್ಳುತ್ತದೆ. ಮೊದಲು ಟಿಟಿಎಲ್ 1 ಇಟ್ಟು ಕಳಿಸುತ್ತದೆ, ಮೊದಲ ರೂಟರ್ ಸಿಗುತ್ತದೆ. ಆಮೇಲೆ 2, ಆಮೇಲೆ 3. ಇಂಥ ಪ್ರೋಗ್ರಾಮನ್ನು ಮೊದಲು ಬರೆದ ವ್ಯಾನ್ ಜೇಕಬ್ಸನ್ ಬಗ್ಗೆ ನನಗೆ ಇವತ್ತಿಗೂ ಗೌರವ.

ಸರಿಪಡಿಸಲು ಎರಡು ದಾರಿ ಇತ್ತು. ಪ್ರಿಂಟರ್, ಹಳೇ ಕಂಪ್ಯೂಟರ್ ಎರಡನ್ನೂ ಹೊಸ ಅಂಕಿಗೆ ತರುವುದು, ಇಲ್ಲಾ ರೂಟರ್ ಒಂದನ್ನೇ ಹಳೇ ಅಂಕಿಗೆ ತರುವುದು. ಎರಡನೆಯದೇ ಮೇಲು. ರೂಟರಿನ ವಿಳಾಸವನ್ನು 192.168.1.1 ಮಾಡಿದೆ. ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಗೆ 100ರಿಂದ 199ರವರೆಗೆ ಬಿಟ್ಟುಕೊಟ್ಟೆ. ಕೈಯಾರೆ ಬರೆದಿಟ್ಟಿದ್ದ 20 ಮತ್ತು 50ನ್ನು ಅದು ಬೇರೆ ಯಾರಿಗೂ ಕೊಡಬಾರದಲ್ಲ. ಹಳೇ ಕಂಪ್ಯೂಟರಿನಲ್ಲಿ ಗೇಟ್‌ವೇ ಮೊದಲೇ 192.168.1.1 ಅಂತ ಬರೆದಿತ್ತು. ಅದಕ್ಕೆ ಮುಟ್ಟುವ ಮೊದಲೇ ಇಂಟರ್ನೆಟ್ ಬಂತು. ಹೊಸದನ್ನು ಆರಿಸಿ ಹಚ್ಚಿದ ಮೇಲೆ ತಡೆದು ನಿಂತಿದ್ದ ಉತಾರಗಳೆಲ್ಲ ಒಂದರ ಹಿಂದೆ ಒಂದು ಹೊರಬಂದವು.

ಬಾಜೂ ಅಂಗಡಿಯಲ್ಲೂ 192.168.1.1 ಇದೆಯಲ್ಲ, ಗೊಂದಲ ಆಗುವುದಿಲ್ಲವಾ ಅಂತ ಹುಡುಗಿ ಕೇಳಿದಳು. ಆಗುವುದಿಲ್ಲ. 192.168, 172.16ರಿಂದ 172.31, ಮತ್ತು 10, ಈ ಮೂರು ಗುಂಪುಗಳು ಒಳಗಿನ ಬಳಕೆಗೆ ಮೀಸಲು. 1996ರಲ್ಲಿ ಬಂದ ನಿಯಮ ಅದು. ಹೊರಗೆ ಹೋಗುವಾಗ ರೂಟರಿನ ನ್ಯಾಟ್ ಅನ್ನುವ ವ್ಯವಸ್ಥೆ ಆ ವಿಳಾಸ ಅಳಿಸಿ ಹೊರಗಿನದನ್ನು ಬರೆಯುತ್ತದೆ. ಅದಿಲ್ಲದಿದ್ದರೆ 32 ಬಿಟ್‌ಗಳ 429 ಕೋಟಿ ವಿಳಾಸಗಳು ಜಗತ್ತಿಗೆ ಎಲ್ಲಿ ಸಾಲಬೇಕು? ಹಂಚಲು ಉಳಿದಿದ್ದ ಕೊನೆಯ ದೊಡ್ಡ ಗುಂಪುಗಳೂ 2011ರ ಫೆಬ್ರುವರಿಯಲ್ಲೇ ಮುಗಿದವು. ಅವಳ ಮೊಬೈಲಿನಲ್ಲಿ 128 ಬಿಟ್‌ಗಳ ಹೊಸ ಬಗೆಯ ಐಪಿ ವಿಳಾಸ, ಐಪಿವಿ6, ತೆಗೆದು ತೋರಿಸಿದೆ. ಅದನ್ನು ವಹಿಯಲ್ಲಿ ಬರೆದುಕೊಂಡಳು.

ಹೊರಡುವ ಮೊದಲು ಒಂದು ಹಾಳೆಯಲ್ಲಿ ರೂಟರ್, ಹಳೇ ಕಂಪ್ಯೂಟರ್, ಪ್ರಿಂಟರ್‌ಗಳ ವಿಳಾಸ, ಮಾಸ್ಕ್, ಹಂಚುವ ಅಂಕಿಗಳು ಎಲ್ಲ ಬರೆದು ರೂಟರಿನ ಪಕ್ಕ ಅಂಟಿಸಿದೆ. ಮತ್ತೆ ಕಂಪನಿ ಬದಲಿಸಿದರೆ, ರೂಟರ್ ಕೂರಿಸಲು ಬಂದವರಿಗೆ ಮೊದಲು ಈ ಹಾಳೆ ತೋರಿಸಿ ಅಂತ ಕಾಕಾಗೆ ಹೇಳಿದೆ.