29ಕ್ಕಿಂತ ದೊಡ್ಡ 28

ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಇರುವ) ಮೌಂಟನ್ ಬೈಕ್ ಒಂದನ್ನು ಬಿಡಿಭಾಗ ತರಿಸಿ ನಾನೇ ಜೋಡಿಸಬೇಕು ಅಂತ ಹೊರಟೆ. ಬ್ರೇಕು, ಗೇರು, ಸೀಟು ಎಲ್ಲ ಆಮೇಲೆ ಬದಲಿಸಬಹುದು. ಚಕ್ರದ ಅಳತೆ ಹಾಗಲ್ಲ, ಫ್ರೇಮು, ಮುಂದಿನ ಚಕ್ರ ಹಿಡಿಯುವ ಫೋರ್ಕು ಎರಡೂ ಅದನ್ನೇ ನೋಡಿಕೊಂಡು ಬರುತ್ತವೆ. ಒಳ್ಳೆಯ ಹೊಸ ಫ್ರೇಮುಗಳಲ್ಲಿ 26 ಇಂಚಿನ ಚಕ್ರ ಈಗ ಅಪರೂಪ. ಹಾಗಾಗಿ ಜಗಳ ಇರೋದು 27.5ಕ್ಕೂ 29ಕ್ಕೂ. ಎರಡು ಪಕ್ಷದವರೂ ಒಬ್ಬನೇ ಮನುಷ್ಯನ ಹೆಸರು ಹೇಳಬಹುದು ಅನ್ನೋದು ತಮಾಷೆ. ಸ್ವಿಟ್ಜರ್ಲೆಂಡಿನ ಮೌಂಟನ್ ಬೈಕ್ ರೇಸರ್ ನಿನೊ ಶೂರ್ಟರ್ 2012ರಲ್ಲಿ ವಿಶ್ವಕಪ್ ರೇಸು ಗೆದ್ದದ್ದು 27.5ರಲ್ಲಿ, 2016ರ ರಿಯೊ ಒಲಿಂಪಿಕ್ಸ್‌ನ ಚಿನ್ನ ಗೆದ್ದದ್ದು 29ರಲ್ಲಿ!

ನನಗೆ ಒಲಿಂಪಿಕ್ಸ್ ಇಲ್ಲ, ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇದೆ. ಶಿರಸಿ ಕಡೆಯ ಮನೆಗಳ ಲೆಕ್ಕ ಗೊತ್ತಲ್ಲ, ತಗ್ಗಿನಲ್ಲಿ ಅಡಿಕೆ ತೋಟ, ಸ್ವಲ್ಪ ಮೇಲೆ ಮನೆ, ಅದರ ಮೇಲೆ ಬೆಟ್ಟ. ಸೊಪ್ಪು, ದರಕು (ಉದುರಿದ ಎಲೆ) ತರುವ ಕಾಲುದಾರಿಯೇ ನನ್ನ ಟ್ರೇಲ್. ದೀಪಾವಳಿಗೆ ಬಂದ ಭಾವ ಹುಬ್ಬಳ್ಳಿಯಿಂದ ತನ್ನ 29 ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದಿದ್ದ. ದೊಡ್ಡಪ್ಪನ ಮಗನ ಹತ್ತಿರ 27.5 ಇತ್ತು. ನನ್ನದು ಹಳೇ 26. ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡೋಣ ಅಂತ ಬೆಳಿಗ್ಗೆ ತಿಂಡಿ ಮುಗಿಸಿ ಹತ್ತಿದೆವು. ಮಳೆ ನಿಂತು ಹೆಚ್ಚು ದಿನ ಆಗಿರಲಿಲ್ಲ, ಉಂಬಳ ಇನ್ನೂ ಇದ್ದವು.

ದಾರಿಯ ಮೇಲ್ಭಾಗ ಬರೀ ಜಂಬಿಟ್ಟಿಗೆ ಹರಳು. ನಡುವೆ ಮತ್ತಿ, ಹೊನ್ನೆ, ನೇರಲೆ ಮರಗಳ ಬೇರು ಅಡ್ಡಡ್ಡ ಹಾಯ್ದಿದೆ, ಅದರ ಮೇಲೆ ಒದ್ದೆ ದರಕು. ಆಮೇಲೆ ಬೆಟ್ಟದ ಅಗಳ (ಕಂದಕ) ದಾಟಬೇಕು, ದಾಟಿದ ಕೂಡಲೇ ತೋಟದ ತಲೆಯವರೆಗೆ ಕಡಿದಾದ ಇಳಿಜಾರು, ಎರಡು ತಿರುವು.

ಬೇರಿನ ಜಾಗದಲ್ಲಿ 29 ಸುಮ್ನೆ ಹರಿದು ಹೋಯಿತು. ಅದರಲ್ಲಿ ಗುಟ್ಟೇನಿಲ್ಲ. ಚಕ್ರ ದೊಡ್ಡದಾದಷ್ಟೂ ಬೇರು ಅದಕ್ಕೆ ಕೆಳಗಡೆ ತಾಗುತ್ತೆ, ಎದುರಿನಿಂದ ಗುದ್ದೋದು ಕಮ್ಮಿ, ಹತ್ತಿಸಿಕೊಂಡು ಹೋಗೋದು ಜಾಸ್ತಿ. 26ರಲ್ಲಿ ಅದೇ ಬೇರು ಕೈ ಮೊಣಕೈ ಎರಡಕ್ಕೂ ಹೇಳಿಕೊಂಡೇ ಹೋಗುತ್ತಿತ್ತು. ಆದರೆ ಅಗಳ ದಾಟಿ ಇಳಿಜಾರಿಗೆ ಬಂದಾಗ ಕತೆಯೇ ಬೇರೆ. ನನ್ನ ಎತ್ತರ 5 ಅಡಿ 4 ಇಂಚು. ಕಡಿದಾದಲ್ಲಿ ಸೀಟಿನ ಹಿಂದೆ ಸರಿದು ಕೂತರೆ 29ರ ಹಿಂದಿನ ಟಯರ್ ನೇರವಾಗಿ ಚಡ್ಡಿ ಸವರುತ್ತಿತ್ತು. ತಿರುವಿನಲ್ಲೂ ಅದನ್ನು ಒತ್ತಿ ಮಲಗಿಸಬೇಕು. ಭಾವ ಆರಡಿ ಹತ್ತಿರ ಇದ್ದಾನೆ, ಅವನಿಗೆ ಈ ತೊಂದರೆ ಇದೆ ಅಂತಲೇ ಗೊತ್ತಿಲ್ಲ. ಕೆಳಗೆ ನಿಂತು ನಗುತ್ತಿದ್ದ.

27.5ನ್ನು ಮೊದಲ ಸಲ ಇಳಿಸಿದಾಗ ನಿರಾಸೆಯೇ ಆಯಿತು. 26ಕ್ಕಿಂತ ಅಂಥಾ ವ್ಯತ್ಯಾಸ ಕಾಣಲಿಲ್ಲ. ಕಾಣೋದೂ ಇಲ್ಲ. ಟಯರ್ ಕೂರುವ ಜಾಗದಲ್ಲಿ 26ರ ರಿಮ್ಮಿನ ವ್ಯಾಸ 559 ಮಿಲಿಮೀಟರ್, 27.5ರದ್ದು 584, 29ರದ್ದು 622. ಅಂದರೆ 27.5 ಸರಿ ನಡುವೆ ಇಲ್ಲ, 26ರ ಕಡೆಗೇ ಹತ್ತಿರ. ಆಮೇಲೆ ದೊಡ್ಡಪ್ಪನ ಮಗ ಟಯರಿನ ಗಾಳಿ ಇಳಿಸಿದ. ಅವನದ್ದು 2.6 ಇಂಚು ಅಗಲದ ಟ್ಯೂಬ್‌ಲೆಸ್ ಟಯರ್. ಗಾಳಿಯ ಒತ್ತಡ 22 ಪಿಎಸ್ಐಗೆ ತಂದು, ಈಗ ಹೋಗು ಅಂದ. ಅದೇ ದಾರಿ, ಅದೇ ಬೇರು, ಆದರೆ ಹಿಂದಿನ ಚಕ್ರ ಕುಣಿಯೋದೇ ನಿಂತಿತ್ತು. ಹಾರ್ಡ್‌ಟೇಲಿಗೆ ಹಿಂದೆ ಶಾಕ್ ಇಲ್ಲ ಅಲ್ವಾ, ಇರೋ ಶಾಕ್ ಅಂದರೆ ಟಯರಿನ ಗಾಳಿ ಒಂದೇ. ಅಷ್ಟು ದಿನ ವ್ಯಾಸದ ಬಗ್ಗೆಯೇ ಓದಿದ್ದೆನಲ್ಲ, ಅಗಲಕ್ಕೆ ಯಾರೂ ಅದರ ಅರ್ಧ ಗಮನವನ್ನೂ ಕೊಟ್ಟಿರಲಿಲ್ಲ.

ಮಧ್ಯಾಹ್ನ ಪೇಟೆಗೆ ಹೋದೆವು. ನಾವು ಯಾವಾಗಲೂ ಹೋಗುವ ಸೈಕಲ್ ಅಂಗಡಿಯವರು ಚಕ್ರದ ಬೆಂಡ್ ತೆಗೆಯೋದರಲ್ಲಿ ಎತ್ತಿದ ಕೈ. ಭಾವ ತನ್ನ 29ರ ದೊಡ್ಡಸ್ತಿಕೆ ಹೇಳುತ್ತಿದ್ದ. ಅವರು ಏನೂ ಮಾತಾಡದೆ ಒಳಗಿಂದ ಹಾಲು ಹಾಕುವ ಹಳೇ ಸೈಕಲ್ಲಿನ ತುಕ್ಕು ಹಿಡಿದ ರಿಮ್ಮು ತಂದರು. ಭಾವನ ಚಕ್ರ ಬಿಚ್ಚಿ, ಟಯರ್ ತೆಗೆದು, ಅದರ ಮೇಲೆ ಇಟ್ಟರು. 28 ಇಂಚಿನ ಹಳೇ ರಿಮ್ಮು 29ಕ್ಕಿಂತ ದೊಡ್ಡದು! 28 ಇಂಟು ಒಂದೂವರೆ ಅಂತ ಬರೆದಿರುವ ನಮ್ಮ ಹಳೇ ಸೈಕಲ್ಲುಗಳ ರಿಮ್ಮು 635 ಮಿಲಿಮೀಟರ್. “ಇಂಚು ನಂಬಬೇಡಿ ಹೆಗಡೇರೆ, ಟಯರ್ ಹಾಕಿ ಅಳೀರಿ” ಅಂದರು. ಇಂಚಿನ ಹೆಸರು ಟಯರ್ ಸೇರಿಸಿದ ಅಂದಾಜು ಅಷ್ಟೇ.

ಅಲ್ಲೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆವು. ರಿಮ್ಮಿನ ಅಳತೆಗೆ ಟಯರಿನ ಅಗಲವನ್ನು ಎರಡು ಸಲ ಕೂಡಿಸಿದರೆ ಹೆಚ್ಚುಕಮ್ಮಿ ಪೂರ್ತಿ ಚಕ್ರದ ವ್ಯಾಸ. 29ಕ್ಕೆ 2.3 ಟಯರ್ ಹಾಕಿದರೆ ಸುಮಾರು 738. 27.5ಕ್ಕೆ 2.6 ಹಾಕಿದರೆ 716. ವ್ಯತ್ಯಾಸ 22 ಮಿಲಿಮೀಟರ್. ನನ್ನ 26ಕ್ಕೆ ಇರೋದು 2.1, ಅದು 665ರ ಹತ್ತಿರ. ಅಗಲ ಟಯರ್ ಹಾಕಿದ 27.5 ಹೀಗೆ 29ರ ಕಡೆಗೆ ವಾಲುತ್ತೆ.

ಹಾಗಾದರೆ 29ರ ಫ್ರೇಮು ತಗೊಂಡು ಅದಕ್ಕೇ ಈ 27.5ರ ಚಕ್ರ ಹಾಕು, ಎರಡೂ ಆಗುತ್ತೆ ಅಂತ ಭಾವ. ಆದರೆ ಸೈಕಲ್ಲು 11 ಮಿಲಿಮೀಟರ್ ಕೆಳಗೆ ಕೂರುತ್ತೆ, ನಮ್ಮ ಜಂಬಿಟ್ಟಿಗೆ ದಾರಿಯಲ್ಲಿ ಅಷ್ಟು ಸಾಕು ಪೆಡಲ್ಲು ಕಲ್ಲಿಗೆ ಬಡಿಯೋದಕ್ಕೆ. ಮುಂದೆ 29 ಹಿಂದೆ 27.5 ಅನ್ನೋ ಪದ್ಧತಿಯೂ ಇದೆ. 27.5ರ ಫ್ರೇಮಿಗೆ ಹಾಗೆ ಮಾಡಿದರೆ ಮುಂಭಾಗ ಎತ್ತರ ಆಗಿ, ಸೀಟು ಹಿಂದಕ್ಕೆ ವಾಲುತ್ತೆ. ತೋಟದಿಂದ ಮನೆಗೆ ಹತ್ತುವ ಏರಿನಲ್ಲಿ ಮುಂದಿನ ಚಕ್ರ ಗಾಳಿಯಲ್ಲೇ ಇರುತ್ತೆ. ಉದ್ದ ಇದ್ದವರು, ಬನವಾಸಿ ರಸ್ತೆ ಹಿಡಿದು ದಿನಪೂರ್ತಿ ಹೋಗುವವರು 29 ತಗೊಳ್ಳಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಕೊನೆಗೆ 2.6 ಟಯರ್ ಧಾರಾಳವಾಗಿ ಹಿಡಿಸುವ 27.5 ಫ್ರೇಮಿಗೇ ಹೇಳಿದೆ, ಸಣ್ಣ ಸೈಜು, ಹಿಂದಿನ ಚಕ್ರದ ನಡುವಿನ ಹಬ್ಬು 148 ಮಿಲಿಮೀಟರಿನದು. ಹಳೇ ಸೈಕಲ್ಲಿನ 135ರ ಹಬ್ಬು ಅದಕ್ಕೆ ಕೂರಲ್ಲ, ಆ ಖರ್ಚು ತಪ್ಪಲಿಲ್ಲ. ಫೋರ್ಕೂ 27.5ರದ್ದೇ. ಟ್ಯೂಬ್ ಸಿಗುತ್ತಾ ಅಂತ ಕೇಳಿದ್ದಕ್ಕೆ ಅಂಗಡಿಯವರು 27.5ರದ್ದು ತರಿಸಿಕೊಡ್ತೀನಿ, ಅಲ್ಲಿವರೆಗೆ ಇದೇ ಇಟ್ಕೊಳ್ಳಿ ಅಂತ ಮೇಲೆ ನೇತು ಹಾಕಿದ್ದ 26ರದ್ದನ್ನೇ ಕೊಟ್ಟರು. ಅದು ಎಳೆದರೆ 27.5ಕ್ಕೂ ಬರುತ್ತೆ, ಮನೆ ಮುಟ್ಟೋವರೆಗೆ ಅಡ್ಡಿಯಿಲ್ಲ.