ಮಲೆನಾಡಿನ ಬಾವಿನೀರಿನಲ್ಲಿ ಚೆರ್ರಿ ಸಿಗಡಿ: 30 ಲೀಟರ್ ಟ್ಯಾಂಕಿನ ಲಾಗ್

ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ನೆಲದ ಬಾವಿ. ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಅಳತೆ) 35, ಜಿಎಚ್ (ಗಡಸುತನ) 1, ಕೆಎಚ್ (ಪಿಎಚ್ ಜಾರದಂತೆ ಹಿಡಿಯುವ ಬಲ) 1, ಪಿಎಚ್ 6.2. ಬೇಳೆ ಬೇಗ ಬೇಯುವ, ಎಷ್ಟು ತೊಳೆದರೂ ಸೋಪಿನ ಜಾರು ಹೋಗದ ಮೆದು ನೀರು. ಕುಡಿಯುವುದಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಅಕ್ವೇರಿಯಂನಲ್ಲಿ ಅಂದಕ್ಕೆ ಸಾಕುವ ಪುಟ್ಟ ಕೆಂಪು ಚೆರ್ರಿ ಸಿಗಡಿ ತನ್ನ ಚಿಪ್ಪು ಕಟ್ಟಿಕೊಳ್ಳುವುದಕ್ಕೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರಬೇಕು. ಇಲ್ಲಿಯ ನೀರಿನಲ್ಲಿ ಅವೆರಡೂ ಇಲ್ಲವೆನ್ನುವಷ್ಟು ಕಡಿಮೆ. ಗಡಸು ಬೋರ್‌ವೆಲ್ ನೀರಿನಲ್ಲಿ ಸಾಕುವವರು ಹೇಳುವ ಕ್ರಮವನ್ನೇ ಇಲ್ಲಿ ಹಿಡಿದರೆ, ಬಿಟ್ಟ ಕೆಲವೇ ವಾರಗಳಲ್ಲಿ ಸಿಗಡಿ ಪೊರೆ ಕಳಚಲಾರದೆ ಸಾಯತೊಡಗುತ್ತವೆ. ಅದಕ್ಕೇ ಈ ಲಾಗ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿನ ಮಾತೇ ಇದೆ.

ಟ್ಯಾಂಕ್ ಕೂರಿಸಿದ್ದು

ಗಾತ್ರ 45×30×30 ಸೆಂ.ಮೀ., 5 ಮಿ.ಮೀ. ಗಾಜು. ಊರಿನ ಗಾಜಿನ ಅಂಗಡಿಯಲ್ಲೇ ಕತ್ತರಿಸಿ ಅಂಟಿಸಿಕೊಡುತ್ತಾರೆ, ಆದರೆ ಸಿಲಿಕೋನ್ ಯಾವುದೆಂದು ಕೇಳಲೇಬೇಕು. ಬಾತ್‌ರೂಮಿಗೆ ಬಳಸುವ ಬೂಷ್ಟುನಿರೋಧಕ ಸಿಲಿಕೋನಿನಲ್ಲಿ ವಿಷ ಬೆರೆಸಿರುತ್ತಾರೆ, ಅದು ಬೇಡ. ಅಕ್ವೇರಿಯಂಗೆಂದೇ ಬರುವ ಟ್ಯೂಬ್ ತರಿಸಿ. ಹಚ್ಚಿದ ಮೇಲೆ ಹುಳಿ ವಾಸನೆ ಪೂರ್ತಿ ಹೋಗುವ ತನಕ ಒಣಗಲಿ. ಮಳೆಗಾಲದಲ್ಲಿ ಇದಕ್ಕೆ ಒಂದು ವಾರ ಹಿಡಿದರೂ ಅವಸರ ಮಾಡಬಾರದು.

ತುಂಬಿದ ಟ್ಯಾಂಕ್ ಹತ್ತಿರ ಹತ್ತಿರ 45 ಕೆ.ಜಿ. ತೂಗುತ್ತದೆ. ಹಳೆಯ ಮನೆಗಳ ನೆಲ ಸಮ ಇರುವುದು ಅಪರೂಪ, ಆದ್ದರಿಂದ ಸ್ಟ್ಯಾಂಡಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಕಾಲಿನಡಿ ತುಂಡು ಕೊಟ್ಟು, ಗಾಜಿನ ಕೆಳಗೆ 10 ಮಿ.ಮೀ. ಥರ್ಮಾಕೋಲ್ ಹಾಸಿದ್ದಾಗಿದೆ. ತಳಕ್ಕೆ 2–3 ಮಿ.ಮೀ. ಗಾತ್ರದ ಹೊಳೆಗರಸು, ಮೂರು ಸೆಂ.ಮೀ. ದಪ್ಪ, ಸುಮಾರು 6 ಕೆ.ಜಿ. ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಬೇಕು. ನೀರನ್ನು 26 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿದರೆ, ಗರಸು ಹಿಡಿಯುವ ಜಾಗ ಕಳೆದು ನಿಜವಾಗಿ ಸಿಗುವುದು 30 ಲೀಟರ್. ಮುಂದಿನ ಲೆಕ್ಕವೆಲ್ಲ ಈ 30ರ ಮೇಲೆಯೇ.

ಫಿಲ್ಟರ್ ಎಂದರೆ ಒಂದು ಸ್ಪಂಜ್ ಫಿಲ್ಟರ್, ಸಣ್ಣ ಏರ್ ಪಂಪ್, ನಡುವೆ ಒಂದು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಬಿಡುವ ಕವಾಟ). ಮರ ಬಿದ್ದು ಲೈನ್ ಹೋಗಿ ಇಡೀ ದಿನ ಕರೆಂಟ್ ಇಲ್ಲದ ಊರಿನಲ್ಲಿ ಇದೇ ಸರಿ. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಉಸಿರುಕಟ್ಟಿ ಸಾಯುತ್ತವೆ. ಸ್ಪಂಜ್ ತೆರೆದ ನೀರಿನಲ್ಲೇ ಇರುವುದರಿಂದ ತಡೆದುಕೊಳ್ಳುತ್ತದೆ. ಯುಎಸ್‌ಬಿಯಲ್ಲಿ ಓಡುವ 5 ವೋಲ್ಟ್ ಪಂಪ್ ತೆಗೆದುಕೊಂಡರೆ ಪವರ್ ಬ್ಯಾಂಕ್‌ನಿಂದಲೂ ನಡೆಯುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲದಿದ್ದರೆ ವಾಲ್ವ್ ಕೈಕೊಟ್ಟ ದಿನ ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ.

ನೀರು ಗಟ್ಟಿ ಮಾಡುವುದು

ಗುರಿ: ಜಿಎಚ್ 6, ಕೆಎಚ್ 3, ಟಿಡಿಎಸ್ 200ರ ಆಸುಪಾಸು. ಜಿಎಚ್ ಎನ್ನುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂನ ಅಳತೆ, ಕೆಎಚ್ ಎನ್ನುವುದು ಪಿಎಚ್ ಜಾರದಂತೆ ಹಿಡಿದಿಡುವ ಬೈಕಾರ್ಬೊನೇಟಿನ ಅಳತೆ. ಎರಡನ್ನೂ ಬೇರೆ ಬೇರೆಯಾಗಿಯೇ ಏರಿಸಬೇಕು.

ಒಂದು ಲೀಟರ್ ನೀರಿನ ಜಿಎಚ್ ಒಂದು ಡಿಗ್ರಿ ಏರಲು ಕ್ಯಾಲ್ಸಿಯಂ ಕೊಡುವ ಜಿಪ್ಸಮ್ ಆದರೆ 31 ಮಿ.ಗ್ರಾಂ., ಮೆಗ್ನೀಷಿಯಂ ಕೊಡುವ ಎಪ್ಸಮ್ ಉಪ್ಪಾದರೆ 44 ಮಿ.ಗ್ರಾಂ. ಬೇಕು. ಕೆಎಚ್ ಒಂದು ಡಿಗ್ರಿ ಏರಲು ಅಡುಗೆ ಸೋಡಾ 30 ಮಿ.ಗ್ರಾಂ. ಜಿಎಚ್‌ನಲ್ಲಿ ಏರಿಸಬೇಕಾದ ಐದು ಡಿಗ್ರಿಯಲ್ಲಿ ನಾಲ್ಕು ಕ್ಯಾಲ್ಸಿಯಂನಿಂದ, ಒಂದು ಮೆಗ್ನೀಷಿಯಂನಿಂದ ಬರಲಿ ಎಂದು ಲೆಕ್ಕ ಹಾಕಿದರೆ, 30 ಲೀಟರಿಗೆ ಜಿಪ್ಸಮ್ 3.7 ಗ್ರಾಂ, ಎಪ್ಸಮ್ 1.3 ಗ್ರಾಂ, ಸೋಡಾ 1.8 ಗ್ರಾಂ. ಅಡುಗೆಮನೆಯ ಚಮಚದ ಅಳತೆ ಇಲ್ಲಿ ನಡೆಯದು, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು.

ಜಿಪ್ಸಮ್ ತೋಟಕ್ಕೆ ಹಾಕುವ ಚೀಲದ್ದಲ್ಲ, ಲ್ಯಾಬ್ ಅಥವಾ ಆಹಾರ ದರ್ಜೆಯದ್ದು. ಅದು ಕರಗುವುದು ಬಹಳ ನಿಧಾನ. ಬಕೆಟ್ಟಿನಲ್ಲಿ ಹಾಕಿ ಕದಡಿ, ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ಕಲ್ಲು) ಇಳಿಬಿಟ್ಟು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಿಳಿಯಾಗಿರುತ್ತದೆ. ನೇರ ಟ್ಯಾಂಕಿಗೆ ಪುಡಿ ಉದುರಿಸಿದರೆ ಗರಸಿನ ನಡುವೆ ಕೂತು ವಾರಗಟ್ಟಲೆ ಟಿಡಿಎಸ್ ಏರಿಸುತ್ತಲೇ ಇರುತ್ತದೆ.

ಕ್ಯಾಲ್ಸಿಯಂ ಬೇಕು ಎಂದಾಕ್ಷಣ ಎಲೆಯಡಿಕೆಯ ಸುಣ್ಣದ ಡಬ್ಬಿಗೆ ಕೈ ಹಾಕಬೇಡಿ. ಅರಳಿದ ಸುಣ್ಣ ಚಿಟಿಕೆಯಷ್ಟು ಬಿದ್ದರೂ ಮೆದು ನೀರಿನ ಪಿಎಚ್ ನಿಮಿಷದಲ್ಲಿ 9 ದಾಟುತ್ತದೆ. ಕಪ್ಪೆಚಿಪ್ಪನ್ನು ತೊಳೆದು ಪುಡಿಮಾಡಿ ಒಂದು ಹಿಡಿಯಷ್ಟು ಸ್ಪಂಜಿನ ಪಕ್ಕ ಇಟ್ಟರೆ ತೊಂದರೆಯಿಲ್ಲ. ನೀರು ಹುಳಿಯಾದಷ್ಟೂ ಅದು ತಾನಾಗಿ ಕರಗುತ್ತದೆ, ಪಿಎಚ್ 7.5ರ ಹತ್ತಿರ ಬಂದರೆ ಕರಗುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಸೋಡಾ ಅಳತೆ ತಪ್ಪಿದ ವಾರಕ್ಕೆ ಇದೊಂದು ಕಾವಲು.

ಶಿವಮೊಗ್ಗ ಪೇಟೆಯಲ್ಲಿ ನಲ್ಲಿಗೆ ಬರುವ ತುಂಗೆಯ ನೀರೂ ಮೆದುವೇ, ಆದರೆ ಕ್ಲೋರಿನ್ ಇರುತ್ತದೆ. ಏರ್ ಸ್ಟೋನ್ ಹಾಕಿ ಒಂದು ದಿನ ಬಿಡಿ, ಇಲ್ಲವೇ ಡಿಕ್ಲೋರಿನೇಟರ್ ಬಳಸಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಊರುಗಳಲ್ಲಿ ಬಾವಿನೀರಿಗೂ ಇದೇ ಕ್ರಮ.

ತಾಮ್ರದ ವಿಷಯ

ಇದನ್ನು ಬೇರೆಯಾಗಿಯೇ ಬರೆಯಬೇಕು, ಏಕೆಂದರೆ ಮಲೆನಾಡಿನ ಮನೆಯಲ್ಲಿ ತಾಮ್ರ ಎಲ್ಲ ಕಡೆಯೂ ಇದೆ. ಮೀನು ಲೆಕ್ಕಿಸದಷ್ಟು ತಾಮ್ರ ನೀರಿನಲ್ಲಿ ಕರಗಿದ್ದರೂ ಸಿಗಡಿ ಉಳಿಯದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಮುಂಗಾರು ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯುತ್ತಾರೆ. ಆ ತಿಂಗಳುಗಳಲ್ಲಿ ತೋಟದ ಕಾದಿಗೆಯ (ಬಸಿಗಾಲುವೆಯ) ನೀರು, ತೋಟದ ಅಂಚಿನ ಎಲೆ, ಕಾಯಿ, ಪಾಚಿ ಯಾವುದೂ ಟ್ಯಾಂಕಿಗೆ ಬರಬಾರದು. ಔಷಧಿ ಕದಡಿದ ಡ್ರಮ್ಮು, ಬಕೆಟ್ಟು ಎಷ್ಟು ತೊಳೆದರೂ ಬೇಡ. ಕಾಫಿ ಗಿಡದ ಬೇರು ಟ್ಯಾಂಕಿನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಕಾಫಿಗೂ ಬೋರ್ಡೋ ಹೊಡೆಯುವುದರಿಂದ, ಎಂದೂ ಔಷಧಿ ಕಾಣದ ಗಿಡವೆಂದು ಖಾತ್ರಿಯಿದ್ದರಷ್ಟೇ ಬಳಸಿ.

ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯ ಬಚ್ಚಲ ಹಂಡೆ. ಚಳಿಗಾಲದಲ್ಲಿ ಟ್ಯಾಂಕಿನ ನೀರು ಬದಲಿಸುವಾಗ ಸ್ವಲ್ಪ ಬೆಚ್ಚಗಿರಲಿ ಎಂದು ತಾಮ್ರದ ಹಂಡೆಯಿಂದ ಒಂದು ಚೊಂಬು ಬೆರೆಸುವುದು ಸಹಜ. ಮೆದುವಾದ, ಹುಳಿಯಾದ ನೀರು ಬಿಸಿಯಾಗಿ ರಾತ್ರಿಯಿಡೀ ತಾಮ್ರದಲ್ಲಿ ನಿಂತರೆ ಲೋಹ ಕರಗಿಸಿಕೊಳ್ಳುತ್ತದೆ. ಬೆಚ್ಚಗೆ ಬೇಕಾದರೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲೂ ತಾಮ್ರವಿರುತ್ತದೆ, ಬಾಟಲಿಯ ಚೀಟಿ ಓದದೆ ಹನಿಯೂ ಹಾಕಬಾರದು.

ತಾಮ್ರದಷ್ಟೇ ಕೆಟ್ಟದ್ದು ಸೊಳ್ಳೆಬತ್ತಿ ಮತ್ತು ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಕೀಟವನ್ನು ಕೊಲ್ಲುವಂತೆಯೇ ಸಿಗಡಿಯನ್ನೂ ಕೊಲ್ಲುತ್ತದೆ; ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ನೂಕುತ್ತಿರುತ್ತದೆ. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆಪರದೆಯೇ ಗತಿ. ಉಣುಗು ಕಚ್ಚದಿರಲೆಂದು ಕಾಡಿಗೆ ಹೋಗುವಾಗ ಹಚ್ಚಿಕೊಳ್ಳುವ ಡೆಪಾ ಎಣ್ಣೆಯ ಕೈಯನ್ನೂ ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋದ ಮೇಲೆಯೇ ನೀರಿಗೆ ಇಳಿಸಿ.

ಸೈಕಲ್: ಮೊದಲ ವಾರದಿಂದ ಆರನೇ ವಾರ

ಸಿಗಡಿಗೆ ವಿಷವಾದ ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯಾಗುವವರೆಗೆ ಸಿಗಡಿ ಬಿಡುವಂತಿಲ್ಲ. ಹೀಗೆ ನೆಲೆಯಾಗಿಸುವುದಕ್ಕೇ ಸೈಕಲ್ ಎನ್ನುವುದು. ಅವುಗಳಿಗೆ ಮೇವಾಗಿ ಶುದ್ಧ ಅಮೋನಿಯಂ ಕ್ಲೋರೈಡ್ 0.2 ಗ್ರಾಂ ಹಾಕಿದರೆ 30 ಲೀಟರಿನಲ್ಲಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ 2 ಮಿ.ಗ್ರಾಂ.) ಬರುತ್ತದೆ.

ಮೆದು ನೀರಿನವರ ಸೈಕಲ್ ಅರ್ಧಕ್ಕೇ ನಿಂತುಬಿಡುವುದಕ್ಕೆ ಕಾರಣ ಇಲ್ಲಿದೆ. ಅಮೋನಿಯಾ ಮುರಿಯುವಾಗ ಹುಳಿ ಹುಟ್ಟುತ್ತದೆ, ಆ ಹುಳಿ ಕೆಎಚ್ ತಿನ್ನುತ್ತದೆ. 2 ಪಿಪಿಎಂ ಅಮೋನಿಯಾ ಪೂರ್ತಿ ಮುರಿದರೆ ಕೆಎಚ್ ಸುಮಾರು 0.7ರಷ್ಟು ಇಳಿಯುತ್ತದೆ. ಬರೀ ಬಾವಿನೀರಿನ ಕೆಎಚ್ 1 ಎರಡನೇ ಡೋಸಿಗೇ ಖಾಲಿ. ಆಮೇಲೆ ಪಿಎಚ್ ಕುಸಿದು 6ರ ಹತ್ತಿರ ಬಂದರೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ವಾರವಾದರೂ ಇಳಿಯುವುದಿಲ್ಲ. ಬಾಟಲಿ ಬ್ಯಾಕ್ಟೀರಿಯಾ ತಂದು ಸುರಿದರೂ ಪ್ರಯೋಜನವಿಲ್ಲ, ಕೊರತೆಯಾಗಿರುವುದು ಸೋಡಾ. ಅದಕ್ಕೇ ಪ್ರತಿ 0.2 ಗ್ರಾಂ ಅಮೋನಿಯಂ ಕ್ಲೋರೈಡಿನ ಜೊತೆ 0.6 ಗ್ರಾಂ ಸೋಡಾ ಹಾಕುತ್ತಾ ಬಂದಿದ್ದು, ಪಿಎಚ್ 7.2ರಿಂದ 7.4ರ ನಡುವೆಯೇ ನಿಂತಿತು.

ಎರಡನೇ ವಾರದ ಕೊನೆಗೆ ನೈಟ್ರೈಟ್ ಕಾಣಿಸಿಕೊಂಡಿತು, ನಾಲ್ಕನೇ ವಾರದಲ್ಲಿ ಟೆಸ್ಟ್ ಟ್ಯೂಬ್ ಗಾಢ ನೇರಳೆಗೆ ತಿರುಗಿತು, ಐದನೇ ವಾರದಲ್ಲಿ ಇಳಿಯಿತು. ಹಾಕಿದ 2 ಪಿಪಿಎಂ ಒಂದೇ ದಿನದಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಆದರೆ ಸೈಕಲ್ ಮುಗಿದಂತೆ. ಪ್ರತಿ ಡೋಸಿನಿಂದ 7 ಪಿಪಿಎಂನಷ್ಟು ನೈಟ್ರೇಟ್ ಸೇರುವುದರಿಂದ ಕೊನೆಗೆ ಮುಕ್ಕಾಲು ಪಾಲು ನೀರು ಬದಲಿಸಿ, ನೈಟ್ರೇಟ್ 20ಕ್ಕಿಂತ ಕೆಳಗೆ ತಂದು, ಮತ್ತೂ ಒಂದು ವಾರ ಖಾಲಿ ಬಿಟ್ಟದ್ದಾಯಿತು. ಆ ವಾರದಲ್ಲೇ ಗಾಜಿನ ಮೇಲೆ, ಜಾವಾ ಮಾಸ್ ಎಂಬ ನೀರುಗಿಡದ ಮೇಲೆ ಕಂದು-ಹಸಿರು ಲೋಳೆ ಹಿಡಿಯುತ್ತದೆ. ಒರೆಸಬೇಡಿ, ಸಿಗಡಿಯ ಮುಖ್ಯ ಊಟ ಅದೇ.

ಗಿಡ: ಜಾವಾ ಮಾಸ್ ಎರಡು ಹಿಡಿ, ಒಂದು ಅನುಬಿಯಾಸ್, ತೇಲಲು ಹಾರ್ನ್‌ವರ್ಟ್. ಬೆಳಕು ದಿನಕ್ಕೆ ಆರು ಗಂಟೆ. ಹಳ್ಳದ ಪಾಚಿ ತಂದು ಹಾಕುವ ಆಸೆ ಬಿಡಿ. ಅದರೊಳಗೆ ಏರೋಪ್ಲೇನ್ ಚಿಟ್ಟೆಯ ಮರಿ ಬಂದರೆ ಒಂದೇ ಸಾಕು, ರಾತ್ರಿಗೊಂದರಂತೆ ಸಿಗಡಿ ಹಿಡಿದು ತಿನ್ನುತ್ತದೆ.

ಸಿಗಡಿ ಬಂದ ಮೇಲೆ

ಹದಿನೈದು ಚೆರ್ರಿ ಸಿಗಡಿ. ಕೊಳ್ಳುವ ಮುಂಚೆ ಮಾರುವವರ ನೀರಿನ ಟಿಡಿಎಸ್ ಕೇಳುವುದು ಬಣ್ಣದ ದರ್ಜೆ ಕೇಳುವುದಕ್ಕಿಂತ ಮುಖ್ಯ. 450ರ ನೀರಿನಲ್ಲಿ ಬೆಳೆದದ್ದನ್ನು 200ರ ನೀರಿಗೆ ಇಳಿಸಿದರೆ ಎರಡು ಮೂರು ದಿನದಲ್ಲಿ ಅಕಾಲದಲ್ಲಿ ಪೊರೆ ಬಿಡಲು ಹೋಗಿ ಸಾಯುತ್ತವೆ. ಬಂದ ನೀರಿನ ಸಮೇತ ಡಬ್ಬಿಗೆ ಸುರಿದು, ಏರ್ ಪೈಪಿಗೆ ಗಂಟು ಹಾಕಿ, ಸೆಕೆಂಡಿಗೆ ಎರಡು ಹನಿಯಂತೆ ಟ್ಯಾಂಕಿನ ನೀರು ಇಳಿಬಿಡಿ. ಗಂಟೆಗೆ 350 ಮಿ.ಲೀ.ಯಷ್ಟು ಸೇರುತ್ತದೆ, ಮೂರು ಗಂಟೆ ಕಾಯಿರಿ. ಆಮೇಲೆ ಬಲೆಯಲ್ಲಿ ಎತ್ತಿ ಬಿಡಿ, ಡಬ್ಬಿಯ ನೀರು ಚೆಲ್ಲಿ.

ಮೊದಲ ವಾರ ಊಟ ಹಾಕುವುದೇ ಬೇಡ. ಅನಂತರ ಎರಡು ದಿನಕ್ಕೊಮ್ಮೆ, ಎರಡು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ. ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆ ಒಂದನ್ನು ತೊಳೆದು, ಕುದಿನೀರಿನಲ್ಲಿ ಅದ್ದಿ ಹಾಕಿದರೆ ಎರಡು ವಾರದಲ್ಲಿ ನರಗಳ ಬಲೆಯಷ್ಟೇ ಉಳಿಯುತ್ತದೆ. ಹಿತ್ತಿಲ ಬಸಳೆ ಎಲೆ ಬೇಯಿಸಿ ಹಾಕಬಹುದು; ಸಂತೆಯ ಸೊಪ್ಪು ಬೇಡ, ಯಾವ ಔಷಧಿ ಕುಡಿದಿದೆಯೋ ಹೇಳಲಾಗದು.

ಪೊರೆ ಕಳಚಿದ ಖಾಲಿ ಚಿಪ್ಪು ಗಾಜಿನಷ್ಟು ತಿಳಿಯಾಗಿ, ಮೀಸೆ ಸಮೇತ ಇಡೀ ಸಿಗಡಿಯ ಆಕಾರದಲ್ಲೇ ತೇಲುತ್ತದೆ. ಸತ್ತ ಸಿಗಡಿಯಾದರೆ ತಿಳಿಯಾಗಿರುವುದಿಲ್ಲ, ಬೇಯಿಸಿದಂತೆ ಗುಲಾಬಿ-ಬಿಳಿಗೆ ತಿರುಗಿರುತ್ತದೆ. ಚಿಪ್ಪನ್ನು ಅಲ್ಲೇ ಬಿಡಿ, ತಿಂದು ಕ್ಯಾಲ್ಸಿಯಂ ಮರಳಿ ಪಡೆಯುತ್ತವೆ. ತಲೆಯ ಕವಚ ಮುಗಿದು ಬಾಲದ ಭಾಗ ಶುರುವಾಗುವಲ್ಲಿ ಸುತ್ತಲೂ ಬಿಳಿ ಉಂಗುರ ಬಿದ್ದಿದ್ದರೆ ಪೊರೆ ಬೆನ್ನಮೇಲೆ ಬಿರಿಯುವ ಬದಲು ಸುತ್ತಲೂ ಬಿರಿದಿದೆ ಎಂದರ್ಥ. ಅದು ಉಳಿಯುವುದು ಕಷ್ಟ. ಉಳಿದವುಗಳಿಗಾಗಿ ಜಿಎಚ್ ಅಳೆದು ನೋಡಿ, ಇತ್ತೀಚೆಗೆ ಒಮ್ಮೆಲೇ ಹೆಚ್ಚು ನೀರು ಬದಲಿಸಿದ್ದೀರಾ ಯೋಚಿಸಿ. ಹೆಚ್ಚಿನ ಸಲ ಕಾರಣ ಈ ಎರಡರಲ್ಲೊಂದು.

ಈಗಿನ ಸ್ಥಿತಿ: ಮೂರು ಹೆಣ್ಣು ಮೊಟ್ಟೆ ಹೊತ್ತಿವೆ. ಹೊಟ್ಟೆಯಡಿಯ ಈಜುಗಾಲುಗಳ ನಡುವೆ ಇಪ್ಪತ್ತು-ಮೂವತ್ತು ಹಳದಿ ಮೊಟ್ಟೆ, ಬಿಡುವಿಲ್ಲದೆ ಗಾಳಿ ಬೀಸುತ್ತವೆ, ಆಗಾಗ ಒಂದೊಂದನ್ನೇ ಕಾಲಿನಿಂದ ತಿರುಗಿಸಿ ಸ್ವಚ್ಛ ಮಾಡುತ್ತವೆ. 24 ಡಿಗ್ರಿಯಲ್ಲಿ ಮೂರರಿಂದ ನಾಲ್ಕು ವಾರಕ್ಕೆ ಮರಿ, ಹುಟ್ಟುವಾಗಲೇ 2 ಮಿ.ಮೀ. ಉದ್ದದ ಪೂರ್ಣ ಸಿಗಡಿ. ಅದಕ್ಕಾಗಿ ನೀರು ತೆಗೆಯುವುದು ಏರ್ ಪೈಪಿನಲ್ಲೇ, ಬಿಳಿ ಬಕೆಟ್ಟಿಗೆ. ಸುರಿಯುವ ಮುಂಚೆ ಮರಿ ಇದೆಯೇ ನೋಡಿ. ವಾರಕ್ಕೆ 4 ಲೀಟರ್ ಬದಲಿಸಿದರೆ ಸಾಕು. ತಿಂಗಳಿಗೊಮ್ಮೆ ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಬೇಕು.

ಗಾಜಿನ ಮೇಲೆ ತ್ರಿಕೋನ ತಲೆಯ ಚಪ್ಪಟೆ ಹುಳ ಹರಿದರೆ ಅದು ಪ್ಲನೇರಿಯಾ, ಮರಿಗಳಿಗೆ ಅಪಾಯ. ಅದಕ್ಕೆ ಮಾರುವ ಪುಡಿಗಳಲ್ಲಿ ಅಡಿಕೆಯ ಸಾರದ್ದೂ ಒಂದು ಬಗೆ. ಹಾಗೆಂದು ಮನೆಯ ಅಡಿಕೆ ಕೆತ್ತಿ ಹಾಕಬೇಡಿ, ಸಾರದ ಬಲ ಅಳೆಯುವ ದಾರಿ ನಮ್ಮ ಬಳಿ ಇಲ್ಲ.

ಸಂಖ್ಯೆ ಹೆಚ್ಚಾದಾಗ ಸಾಕುವವರಿಗೆ ಕೊಡಿ. ತುಂಗೆಗೋ ಮನೆಹಿಂದಿನ ಹಳ್ಳಕ್ಕೋ ಬಿಡುವಂತಿಲ್ಲ. ಇದು ಪೂರ್ವ ಏಷ್ಯಾದ ಜೀವಿ, ನಮ್ಮ ಹಳ್ಳಗಳಲ್ಲಿ ನಮ್ಮದೇ ಸಿಗಡಿಗಳಿವೆ.

ಮುಂದಿನ ಕೆಲಸ ಬೇಸಿಗೆಯದು. ನೀರು 28 ದಾಟಿದರೆ ಮೇಲ್ಮೈಗೆ ತಾಗುವಂತೆ ಸಣ್ಣ ಫ್ಯಾನ್, ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗಿ ಹೋಗುವುದು ಬರೀ ನೀರು, ಲವಣ ಒಳಗೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಏನೂ ಬೆರೆಸದ ಬಾವಿನೀರು. ಅದಾದ ಮೇಲೂ ಟಿಡಿಎಸ್ ಮೀಟರ್ 230 ದಾಟಿದರೆ ಆ ವಾರ ಬದಲಿಸುವ 4 ಲೀಟರಿಗೆ ಜಿಪ್ಸಮ್ ಅರ್ಧ ಮಾತ್ರ.